ತಲುಪಿದೆ

ಕಂಡಕ್ಟರ್ ಎರಡನೇ ಸಲ "ಎಲ್ಲಿಗ್ರಿ?" ಎಂದು ಕೇಳಿದಾಗ ದೇವೀಂದ್ರಪ್ಪ "ಜಗತ್" ಎಂದುಬಿಟ್ಟ. ಕಲಬುರಗಿಯ ಜಗತ್ ಸರ್ಕಲ್ಲಿನ ಹತ್ತಿರದ ತನ್ನ ಕಚೇರಿಗೆ ಬೀಗ ಹಾಕಿಯೇ ಅವನು ಬಸ್ಸು ಹತ್ತಿದ್ದು. ಈಗ ಊರು ಹಿಂದಾಗಿ ಬಸ್ಸು ಹುಮನಾಬಾದ್ ರಸ್ತೆಯಲ್ಲಿ ಓಡುತ್ತಿತ್ತು. "ಜಗತ್ ಹಿಂದ ಹೋತಲ್ರಿ ಕಾಕಾ," ಎಂದು ಕಂಡಕ್ಟರ್ ನಕ್ಕ. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. "ಕಮಲಾಪುರ, ಕಮಲಾಪುರ," ಎಂದು ಎರಡೆರಡು ಸಲ ಹೇಳಿ ಟಿಕೀಟು ಪಡೆದು, ನಲವತ್ತಾರಕ್ಕೇ ಕಾಕಾ ಆಗಿಬಿಟ್ಟೆನೇ ಎಂದುಕೊಂಡ. ಇಂಥ ದಿನವೂ ಇಂಥದ್ದಕ್ಕೆ ಮುಖ ಸಣ್ಣದಾಗುತ್ತದಲ್ಲ ಎಂದು ನಾಚಿದ. ತೊಡೆಯ ಮೇಲಿನ ಚೀಲದಲ್ಲಿ ಲ್ಯಾಪ್‌ಟಾಪಿತ್ತು, ಅದರಲ್ಲಿ ಇಪ್ಪತ್ತು ದಿನ ಕುಳಿತು ಬರೆದ ಹೊಸ ಪ್ರೋಗ್ರಾಮಿತ್ತು. ತಾನು ಈವರೆಗೆ ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿದೆ ಎಂಬುದು ಅವನಿಗೆ ಗೊತ್ತಿತ್ತು. ಹಾಗೆ ಗೊತ್ತಿರುವುದೇ ಅವನನ್ನು ಚುಚ್ಚುತ್ತಿತ್ತು.

ಇಪ್ಪತ್ತಮೂರು ದಿನಗಳ ಹಿಂದೆ, ಒಂದು ಮಂಗಳವಾರ, ಕಮಲಾಪುರದ ಚಿಕ್ಕ ಕೇಂದ್ರಕ್ಕೆ ನಾಗಣ್ಣ ಎಂಬುವನು ಎದೆ ಹಿಡಿದುಕೊಂಡು ಬಂದಿದ್ದ. ಮದುವೆಮನೆಗಳಿಗೆ ಅಡುಗೆ ಮಾಡಲು ಹೋಗುವವನು, ಐವತ್ತೆಂಟರ ಆಳು. ಹೆಂಡತಿ ಅಂಬಮ್ಮ ಜೊತೆಗಿದ್ದಳು. ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆ ನಗರದೊಳಗೂ ಸುತ್ತಲಿನ ಊರುಗಳಲ್ಲೂ ಇಂಥ ಹನ್ನೊಂದು ಕೇಂದ್ರಗಳನ್ನು ತೆರೆದಿತ್ತು. ಡಾಕ್ಟರು ಅಲ್ಲಿ ಸಂಜೆಗೆ ಮಾತ್ರ ಇರುತ್ತಿದ್ದರು, ಹಗಲಿಗೆ ಟೆಕ್ನಿಷಿಯನ್ ಒಬ್ಬರು. ಟೆಕ್ನಿಷಿಯನ್ ಇಸಿಜಿ ತೆಗೆದು ಗುಂಡಿ ಒತ್ತಿದರೆ ಅದು ಕಲಬುರಗಿಯ ಹೃದಯದ ಡಾಕ್ಟರ ಮುಂದೆ ಹೋಗಿ ಬೀಳಬೇಕು, ಹತ್ತು ನಿಮಿಷದಲ್ಲಿ ಅವರ ಉತ್ತರ ಬರಬೇಕು. ಕಳಿಸುವ ಆ ಪ್ರೋಗ್ರಾಮು ದೇವೀಂದ್ರಪ್ಪನದು. ಆವತ್ತು ಜಾಹೇದಾ ಎಂಬ ಟೆಕ್ನಿಷಿಯನ್ ಇಸಿಜಿ ತೆಗೆದು ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ "ತಲುಪಿದೆ" ಎಂದು ಬಂತು. ಮೂವರೂ ಉತ್ತರಕ್ಕಾಗಿ ಕಾದರು. ಅರ್ಧ ಗಂಟೆಯಾದ ಮೇಲೆ ಜಾಹೇದಾ ಎರಡು ಸಲ ಫೋನು ಮಾಡಿದಳು, ಡಾಕ್ಟರು ಆಪರೇಷನ್ನಿನಲ್ಲಿದ್ದರು, ಯಾರೂ ಎತ್ತಲಿಲ್ಲ. ದೊಡ್ಡ ಡಾಕ್ಟರು ನೋಡಿರುತ್ತಾರೆ, ಗಾಬರಿಯದಾಗಿದ್ದರೆ ಅವರೇ ಫೋನು ಮಾಡುತ್ತಿದ್ದರು ಎಂದುಕೊಂಡಳು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ನಾಗಣ್ಣ ಬೆಂಚಿನ ಮೇಲೆಯೇ ತೀರಿಕೊಂಡ. ಒಂದೂ ಇಪ್ಪತ್ತಕ್ಕೆ ಯಾರೋ ಕಂಪ್ಯೂಟರನ್ನು ಆರಿಸಿ ಹಚ್ಚಿದಾಗ ಇಸಿಜಿ ಕಲಬುರಗಿಗೆ ಹೋಯಿತು. ಆರು ನಿಮಿಷದಲ್ಲಿ ಉತ್ತರವೂ ಬಂತು: ತಕ್ಷಣ ಕರೆತನ್ನಿ.

ಹಸಿರಿನಲ್ಲಿ ಬಂದ ಆ ಪದವನ್ನು ಆರಿಸಿದ್ದೂ ದೇವೀಂದ್ರಪ್ಪನೇ. ಮೊದಲು "ಕಳುಹಿಸಲಾಗಿದೆ" ಎಂದು ಬರೆದಿದ್ದ. ಆ ಪದ ಉದ್ದವಾಗಿ ಚೌಕದಲ್ಲಿ ಹಿಡಿಯದೆ ಕೊನೆಯ ಅಕ್ಷರ ಕತ್ತರಿಸಿಹೋಗುತ್ತಿತ್ತು. ಚೌಕವನ್ನು ಹಿಗ್ಗಿಸುವ ಬದಲು ಪದವನ್ನು ಬದಲಿಸಿದ. ತಲುಪಿದೆ. ಚಿಕ್ಕದು, ಚೊಕ್ಕದು, ಚೌಕದ ನಡುವೆ ಅಂದವಾಗಿ ಕೂತಿತ್ತು. ಅದನ್ನು ಹೆಂಡತಿಗೆ ತೋರಿಸಿ, ಕನ್ನಡದಲ್ಲಿ ಇಂಥ ಪ್ರೋಗ್ರಾಮು ಎಲ್ಲಿದೆ ಹೇಳು ಎಂದು ಹಿಗ್ಗಿದ್ದ. ಕಳುಹಿಸುವುದಕ್ಕೂ ತಲುಪುವುದಕ್ಕೂ ನಡುವೆ ನಲವತ್ತು ಕಿಲೋಮೀಟರು ಬಯಲಿದೆ ಎಂಬುದು ಆಗ ಹೊಳೆಯಲಿಲ್ಲ. ಅವನ ಪ್ರೋಗ್ರಾಮು ಬೆಳಿಗ್ಗೆ ತೆರೆದಾಗ ಒಮ್ಮೆ ಮಾತ್ರ ನೆಟ್ ಇದೆಯೇ ಎಂದು ಕೇಳುತ್ತಿತ್ತು. ಇದೆ ಎಂಬ ಉತ್ತರ ಬಂದರೆ ಇಡೀ ದಿನ ಅದನ್ನೇ ನಂಬಿಕೊಂಡಿರುತ್ತಿತ್ತು. ಆ ಮಂಗಳವಾರ ಹತ್ತೂ ನಲವತ್ತಕ್ಕೆ ಯಾರೋ ಬಂದು ವೈಫೈ ಡಬ್ಬಿ ಬದಲಿಸಿ ಹೋಗಿದ್ದರು. ಹಳೆಯ ನೆಟ್ ಸತ್ತಿತ್ತು, ಹೊಸದನ್ನು ಕಂಪ್ಯೂಟರು ಹಿಡಿದಿರಲಿಲ್ಲ. ಪ್ರೋಗ್ರಾಮು ಮಾತ್ರ ಬೆಳಿಗ್ಗೆಯ ಮಾತನ್ನೇ ಹಿಡಿದುಕೊಂಡು, ಇಸಿಜಿಯನ್ನು ಒಳಗೇ ಇಟ್ಟುಕೊಂಡು, ಹಸಿರು ತೋರಿಸಿತು.

ಇದು ಅವನಿಗೆ ತಿಳಿದದ್ದು ನಾಲ್ಕನೇ ದಿನ. ಅದಕ್ಕೂ ಮೊದಲು, ಎರಡನೇ ದಿನ, ಆಸ್ಪತ್ರೆಯ ಮ್ಯಾನೇಜರ್ ವಿವೇಕಾನಂದನ ಫೋನು ಬಂದಿತ್ತು. ದೇವೀಂದ್ರಪ್ಪ ಊಟಕ್ಕೆ ಕುಳಿತಿದ್ದ, ಕೈಯಲ್ಲಿ ರೊಟ್ಟಿಯ ತುಣುಕಿತ್ತು. "ಆಕಿ ಒತ್ತೀನಿ ಅಂತಾಳ್ರಿ. ಇಲ್ಲಿ ಒಂದೂ ಇಪ್ಪತ್ತಕ್ಕ ಬಂದದ. ನಿಮ್ಮ ಪ್ರೋಗ್ರಾಮಿನ್ಯಾಗ ಏನರ ತಪ್ಪದ ಏನ್ರಿ?" ಅವನು ಒಂದು ನಿಮಿಷ ತಾಳಿ, ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಅಷ್ಟೇ ಸಾಕಿತ್ತು. "ಮೂರು ವರ್ಷ ಆತು ಸರ್, ಹನ್ನೊಂದು ಕಡೆ ನಡೀಲಾಕತ್ತದ, ಏನೂ ಆಗಿಲ್ಲ. ಗಡಬಡಿಯಾಗ ಆಕಿನೇ ಆವಾಗ ಒತ್ತಿರಲಿಕ್ಕಿಲ್ಲ, ಆಮ್ಯಾಲ ಒತ್ತಿರಬೇಕು," ಎಂದ. ಮಾತು ಮುಗಿಸಿ ರೊಟ್ಟಿಯನ್ನು ಬಾಯಿಗಿಟ್ಟುಕೊಂಡ. ಈಗ ಬಸ್ಸಿನಲ್ಲಿ ಕುಳಿತವನಿಗೆ ಆ ರೊಟ್ಟಿ ನೆನಪಾಯಿತು, ಅದರ ಜೊತೆಗಿದ್ದ ಪುಂಡಿಪಲ್ಯ ನೆನಪಾಯಿತು. ಒಬ್ಬಾಕೆಯ ನೌಕರಿ ಕಳೆದು ಅವನು ಅದನ್ನು ರುಚಿಯಾಗಿ ಉಂಡಿದ್ದ, ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದ.

ಏನೂ ಆಗಿಲ್ಲ ಎಂಬುದೂ ನಿಜವಲ್ಲ. ಎರಡು ವರ್ಷದ ಹಿಂದೆ, ಉರುಸಿನ ಜಾತ್ರೆಯ ಸಮಯ, ಕಲಬುರಗಿಯ ದರ್ಗಾದ ಬಳಿಯ ರೋಜಾ ಬಡಾವಣೆಯ ಕೇಂದ್ರದಿಂದ ಫೋನು ಬಂದಿತ್ತು. ದರ್ಗಾಕ್ಕೆ ಬಂದ ಮಂದಿಯ ಮೊಬೈಲುಗಳಿಂದ ನೆಟ್ ಕಟ್ಟಿಹೋಗಿ, ಮಧ್ಯಾಹ್ನ ತೆಗೆದ ಇಸಿಜಿ ಸಂಜೆಗೆ ಮುಟ್ಟಿತ್ತು. ಪರದೆ ಮಧ್ಯಾಹ್ನವೇ "ತಲುಪಿದೆ" ಎಂದಿತ್ತು. ಇಸಿಜಿ ತೆಗೆಸಿಕೊಂಡ ಯಾತ್ರಿಕನಿಗೆ ಹೊಟ್ಟೆಯಲ್ಲಿ ಗ್ಯಾಸು, ಬೇರೇನಿಲ್ಲ. ನಗುತ್ತ ಎದ್ದು ಹೋಗಿದ್ದ. ದೇವೀಂದ್ರಪ್ಪ ಆಗಲೇ ತಪ್ಪು ಎಲ್ಲಿದೆ ಎಂದು ಹುಡುಕಿ ಹಿಡಿದಿದ್ದ. ಸರಿಮಾಡಲು ವಾರಗಟ್ಟಲೆ ಕೂರಬೇಕಿತ್ತು, ಇಡೀ ಪ್ರೋಗ್ರಾಮಿನ ಬುಡ ಅಲುಗಿಸಬೇಕಿತ್ತು. ಪ್ರೋಗ್ರಾಮಿನ ಆ ಸಾಲಿನ ಪಕ್ಕದಲ್ಲಿ, ತನಗೆ ಮಾತ್ರ ಕಾಣುವಂತೆ, ಟಿಪ್ಪಣಿ ಬರೆದ: ನಡುವೆ ನೆಟ್ ಹೋದರೆ ಇದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ನೋಡುವುದು. ತಾರೀಖನ್ನೂ ಹಾಕಿದ. ಹಾಕದಿದ್ದರೆ ಇಷ್ಟೊತ್ತಿಗೆ ಅದು ಯಾವಾಗಿನದೋ ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು.

ಕಮಲಾಪುರದಲ್ಲಿ ಇಳಿದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಸ್ಟ್ಯಾಂಡಿನ ಎದುರು ಗಾಡಿಯಲ್ಲಿ ಕೆಂಪು ಬಾಳೆಯ ಗೊನೆಗಳಿದ್ದವು. ಯಾರೋ "ತಗೊಳ್ರೀ ಸಾಹೇಬ್ರ" ಎಂದರು. ಅವನ ಬಾಲ್ಯದ ಆರು ವರ್ಷ ಈ ಊರಿನಲ್ಲೇ ಕಳೆದದ್ದು. ಅಪ್ಪ ಮರೆಪ್ಪ ಇಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ. ಟ್ರಂಕ್ ಕಾಲಿನ ಕಾಲ, ಸಾವಿನ ಸುದ್ದಿ ಬಂದರೆ ಅಪ್ಪ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಕೇಳಿಸ್ತೇನ್ರಿ? ಏನ್ ಕೇಳಿಸ್ತು? ತಿರುಗಿ ನನಗ ಹೇಳ್ರಿ!" ಆಚೆಯವರು ಅಳುತ್ತ ಅದನ್ನೇ ತಿರುಗಿ ಹೇಳುವ ತನಕ ಬಿಡುತ್ತಿರಲಿಲ್ಲ. ಶಾಲೆಯ ಹುಡುಗರು ಅಪ್ಪನನ್ನು ಅಣಕಿಸಿ "ತಿರುಗಿ ಹೇಳ್ರಿ" ಎಂದು ದೇವೀಂದ್ರಪ್ಪನ ಹಿಂದೆ ಕೂಗುತ್ತಿದ್ದರು, ಅವನು ಬೇರೆ ಓಣಿಯಿಂದ ಮನೆಗೆ ಹೋಗುತ್ತಿದ್ದ. ಸತ್ತವರ ಮನೆಯವರಿಂದ ಎರಡೆರಡು ಸಲ ಹೇಳಿಸುವ ಅಪ್ಪ ಕಲ್ಲುಹೃದಯದವನೆಂದು ಆಗ ಅನಿಸುತ್ತಿತ್ತು.

ಕೇಂದ್ರದಲ್ಲಿ ಜಾಹೇದಾ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೂ ಅವನು ಒಳಗೆ ಹೋದವನೇ ಅವಳ ಕುರ್ಚಿಯನ್ನು ನೋಡಿದ. ಹೊಸದಾಗಿ ಬಂದ ಐಶ್ವರ್ಯಾ ಎಂಬಾಕೆ ಎದ್ದು ನಿಂತು, "ಕಂಪ್ಯೂಟರ್ ರಿಪೇರಿಯವರೇನ್ರಿ? ಚಪ್ಪಲಿ ಹೊರಗ ಬಿಡ್ರಿ," ಎಂದಳು. ಅವನು ಚಪ್ಪಲಿ ಬಿಟ್ಟು ಬಂದ. ಗೋಡೆಗಾತು ಬೆಂಚಿತ್ತು. ಅದರ ಮೇಲೆ ಕೂರಲಾರದೆ ನಿಂತೇ ಹೊಸ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಹಾಕಿದ. ಅಷ್ಟರಲ್ಲಿ ವಿವೇಕಾನಂದನ ಕಾರು ಬಂತು. ಅವನ ಎದುರಿಗೆ ದೇವೀಂದ್ರಪ್ಪ ಒಂದೊಂದೇ ತೋರಿಸಿದ. ಇಸಿಜಿ ಯಂತ್ರದ ವೈರು ಎಳೆದ. ಎಳೆದ ಕ್ಷಣಕ್ಕೆ ಪರದೆ ಕೆಂಪಾಗಿ "ಯಂತ್ರ ಬಿಟ್ಟುಹೋಗಿದೆ" ಎಂದಿತು. ಮತ್ತೆ ಚುಚ್ಚಿದ, ಬಂದಿದೆ ಎಂದಿತು. ವೈಫೈ ಡಬ್ಬಿಯನ್ನು ಆರಿಸಿದ. "ನೆಟ್ ಇಲ್ಲ, ಫೋನ್ ಮಾಡಿ" ಎಂದು ಗಂಟೆ ಬಾರಿಸಿತು. ತನ್ನ ಮೊಬೈಲಿನ ನೆಟ್ ಕೊಟ್ಟ. ಯಾರೂ ಹೇಳದೆ ತಾನೇ ಅದನ್ನು ಹಿಡಿದುಕೊಂಡಿತು. ಕಳಿಸಿದ್ದನ್ನು ಆಚೆ ಕಡೆಯವರು ತೆರೆದು ನೋಡುವ ತನಕ "ತಲುಪಿದೆ" ಎನ್ನಲಿಲ್ಲ. ಪ್ರತಿ ಸಲ ಅದು ಸರಿಯಾಗಿ ಉತ್ತರ ಕೊಟ್ಟಾಗ ಅವನು ಲೆಕ್ಕ ಹಾಕುತ್ತಿದ್ದ. ಇಪ್ಪತ್ತು ದಿನದ ಕೆಲಸ. ಎರಡು ವರ್ಷದಲ್ಲಿ ಇಪ್ಪತ್ತು ದಿನ ಇರಲಿಲ್ಲವೇ?

"ಭಾಳ ಛಲೋ ಆಗ್ಯದ," ಎಂದ ವಿವೇಕಾನಂದ. "ಇನ್ನ ಮ್ಯಾಲ ಯಾರೂ ಒತ್ತದ ಒತ್ತೀನಿ ಅಂತ ಸುಳ್ಳ ಹೇಳಾಕ ಬರಂಗಿಲ್ಲ."

"ಆಕಿ ಸುಳ್ಳ ಹೇಳಿಲ್ರಿ," ಎಂದ ದೇವೀಂದ್ರಪ್ಪ. ದನಿ ಅವನೆಂದುಕೊಂಡದ್ದಕ್ಕಿಂತ ಸಣ್ಣದಾಗಿ ಬಂತು.

"ಯಾರು?"

"ಜಾಹೇದಾ. ಆಕಿ ಒತ್ಯಾಳ. ನನ್ನ ಪ್ರೋಗ್ರಾಮ್ ತಪ್ಪು ತೋರಿಸ್ಯದ. ನಾ ಆಮ್ಯಾಲ ತಗದು ನೋಡೀನಿ. ತಪ್ಪು ನಂದದ."

ವಿವೇಕಾನಂದ ಐಶ್ವರ್ಯಾಳ ಕಡೆ ನೋಡಿ, "ಬರ್ರಿ, ಕಾರಿನ್ಯಾಗ ಕುಂತು ಮಾತಾಡೋಣ," ಎಂದ. ಕಾರಿನೊಳಗೆ ತಂಪಿತ್ತು. ಅವನು ಸಿಟ್ಟಿಗೇಳಲಿಲ್ಲ, ವಯಸ್ಸಿನಲ್ಲಿ ಚಿಕ್ಕವನಾದರೂ ಹಿರಿಯಣ್ಣನಂತೆ ಮಾತಾಡಿದ. "ನೋಡ್ರಿ ದೇವೀಂದ್ರಪ್ಪನವರ, ಕಳಸೂದು ಮರತೀನಿ ಅಂತ ಆಕಿ ಬರದು ಸಹಿ ಮಾಡಿ ಕೊಟ್ಟಾಳ. ಫೈಲ್ ಮುಗದದ. ಈಗ ನೀವು ಹಳೇದು ತಪ್ಪಿತ್ತು ಅಂದ್ರ, ಜನ ಏನ್ ಕೇಳ್ತಾರ? ಮೂರು ವರ್ಷದಾಗ, ಹನ್ನೊಂದು ಸೆಂಟರಿನಾಗ, ಇನ್ನ ಯಾರ್ಯಾರದು ಮುಟ್ಟಿಲ್ಲ ಅಂತ ಕೇಳ್ತಾರ. ಹೇಳ್ರಿ, ಯಾರ್ಯಾರದು ಮುಟ್ಟಿಲ್ಲ?"

ಈ ಪ್ರಶ್ನೆ ದೇವೀಂದ್ರಪ್ಪನ ತಲೆಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಒಬ್ಬ ನಾಗಣ್ಣನನ್ನೇ ಅವನು ಇಪ್ಪತ್ತು ದಿನ ಹೊತ್ತುಕೊಂಡಿದ್ದ. ಈಗ ಕಾರಿನ ಕನ್ನಡಿಯಲ್ಲಿ ಕಂಡ ತನ್ನ ಮುಖದಿಂದ ಕಣ್ಣು ತಪ್ಪಿಸಿದ.

"ಅದಕ್ಕ ಹೇಳ್ತೀನಿ," ಎಂದ ವಿವೇಕಾನಂದ, ಅವನ ಮೊಣಕಾಲು ತಟ್ಟಿ. "ಎಲ್ಲಾ ಸೆಂಟರಿಗೂ ಹೊಸಾದು ಹಾಕ್ರಿ. ಆಕಿಗಿ ಬ್ಯಾರೆ ಕಡೆ ನೌಕರಿ ಸಿಗ್ತದ. ನಡೀರಿ, ಕಲಬುರಗಿಗಿ ಬಿಡ್ತೀನಿ, ಬಿಸಲ ಭಾಳ ಅದ."

"ಇಲ್ರಿ, ನನಗಿಲ್ಲಿ ಕೆಲಸದ," ಎಂದು ಅವನು ಇಳಿದ. ಕಾರು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಹೇಳಿದ್ದೇನಲ್ಲ, ಇನ್ನು ಮನೆಗೆ ಹೋಗಬಹುದಲ್ಲ ಎಂದು ಒಳಗಿನಿಂದ ಒಂದು ದನಿ ಮೆತ್ತಗೆ ಕೇಳುತ್ತಿತ್ತು. ಹೇಳಿದ್ದು ನಿಜ. ಕೇಳಿಸಿಕೊಂಡವನು ಅದನ್ನು ಕಾರಿನೊಳಗೇ ಇಟ್ಟುಕೊಂಡು ಹೋಗಿದ್ದ.

ಜಾಹೇದಾಳ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಅವಳು ಅಂಗಳದ ನೆರಳಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವನನ್ನು ಕಂಡು ಓಢಣಿ ಸರಿಪಡಿಸಿಕೊಂಡು ಎದ್ದು, "ಬರ್ರಿ ಸರ್, ಒಳಗ ಬರ್ರಿ," ಎಂದು ಕುರ್ಚಿ ತಂದಿಟ್ಟಳು, ನೀರು ಕೊಟ್ಟಳು. ಮೂರು ವರ್ಷದ ಹಿಂದೆ ಅವಳಿಗೆ ಪ್ರೋಗ್ರಾಮು ಕಲಿಸಲು ಅವನು ಎರಡು ದಿನ ಬಂದಿದ್ದ. ಹನ್ನೊಂದು ಕೇಂದ್ರದವರಲ್ಲಿ ಅವಳೊಬ್ಬಳೇ ಕೇಳಿದ್ದಳು: ಸರ್, ನಡುವ ನೆಟ್ ಹೋದ್ರ ಇದು ಹೇಳ್ತದೇನ್ರಿ? ಹೇಳ್ತದ ಎಂದಿದ್ದ, ಅವಳ ಪ್ರಶ್ನೆ ಪೂರ್ತಿ ಕೇಳುವ ಮೊದಲೇ.

"ಜಾಹೇದಾ ಆಪಾ," ಎಂದ, ನೀರು ಕುಡಿಯದೆ. "ನೀವು ಆವತ್ತ ಒತ್ತಿದ್ರಿ."

ಅವಳು ನೀರಿನ ತಂಬಿಗೆಯನ್ನು ಕೆಳಗಿಟ್ಟಳು.

"ಹನ್ನೊಂದೂ ಎಂಟಕ್ಕ ಒತ್ತೀರಿ. ಕಂಪ್ಯೂಟರಿನ್ಯಾಗ ಬರದದ. ಅದು ಹೋಗಿದ್ದಿಲ್ಲ. ಹೋಗ್ಯದ ಅಂತ ಸುಳ್ಳ ತೋರಿಸ್ತು. ನನ್ನ ಪ್ರೋಗ್ರಾಮಿನ ತಪ್ಪದು."

"ಇನ್ನೊಮ್ಮೆ ಹೇಳ್ರಿ, ಎಷ್ಟಕ್ಕ?"

"ಹನ್ನೊಂದೂ ಎಂಟಕ್ಕ."

ಜಾಹೇದಾ ಕೆಳಗೆ ಕುಳಿತಳು. ಬೇಳೆಯ ಮೊರವನ್ನು ಮುಂದಕ್ಕೆಳೆದುಕೊಂಡಳು, ಬೆರಳುಗಳು ಕಲ್ಲು ಹುಡುಕುತ್ತ ಓಡಾಡಿದವು. "ಮೊದಲ ದಿನ ಒತ್ತೀನಿ ಅಂದೆ ಸರ್. ಎರಡನೇ ದಿನಾನೂ ಅಂದೆ. ಅವರು ನಾಕು ಮಂದಿ ಕುಂತು ಒತ್ತಿಲ್ಲ, ಒತ್ತಿಲ್ಲ ಅಂದ್ರು. ಪ್ರೋಗ್ರಾಮ್ ಮಾಡಿದವರೇ ಹೇಳ್ಯಾರ ಅಂದ್ರು. ನೀವು ಹೇಳೀರಿ ಅಂದ ಮ್ಯಾಲ, ಮೂರನೇ ದಿನ ನನಗ ಒತ್ತಿದ್ದ ನೆನಪೇ ಬರವಲ್ದಾತು. ಹಸರ ನೋಡಿದ್ದು ಕನಸೇನೋ ಅನಿಸ್ತು. ಖರೇನೇ ಮರತಿದ್ದೆ ಅಂತ ತಿಳಕೊಂಡೇ ಸಹಿ ಮಾಡೀನಿ." ತಲೆ ಎತ್ತಿದಾಗ ಅವಳ ಕಣ್ಣು ತುಂಬಿತ್ತು, ಮುಖ ಮಾತ್ರ ಹಗುರಾಗಿತ್ತು. "ನೀವಾಗೇ ಬಂದು ಹೇಳಿದ್ರಿ. ಯಾರು ಬಂದು ಹೇಳ್ತಾರ ಸರ್? ನಿಮಗೂ ಆಮ್ಯಾಲೇ ಗೊತ್ತಾಗ್ಯದ, ನೀವರ ಏನ್ ಮಾಡ್ತೀರಿ?"

ಆ ಕರುಣೆ ಅವನ ಮೇಲೆ ಬೆಚ್ಚಗೆ ಬಿತ್ತು. ಅದನ್ನು ತಡೆಯಲು ಅವನಿಗೆ ಮನಸ್ಸಾಗಲಿಲ್ಲ. ಚೀಲದಿಂದ ಹಾಳೆ ತೆಗೆದು ಮೊಣಕಾಲ ಮೇಲಿಟ್ಟು ಬರೆದ: ಆ ತಾರೀಖಿನಂದು ಬೆಳಿಗ್ಗೆ 11.08ಕ್ಕೆ ಜಾಹೇದಾ ಅವರು ಇಸಿಜಿ ಕಳುಹಿಸಿದ್ದಾರೆ, ನಾನು ಬರೆದ ಪ್ರೋಗ್ರಾಮಿನ ದೋಷದಿಂದ ಅದು ಹೊತ್ತಿಗೆ ತಲುಪಿಲ್ಲ, ಇದರಲ್ಲಿ ಅವರ ತಪ್ಪು ಏನೂ ಇಲ್ಲ. ಕೆಳಗೆ ಹೆಸರು, ಫೋನ್ ನಂಬರು, ಸಹಿ. ರೋಜಾದ ವಿಷಯ ಬರೆಯಲಿಲ್ಲ. ಅವಳು ನಿರಪರಾಧಿ ಎನ್ನಲು ಅದರ ಅಗತ್ಯವಿಲ್ಲ ಎಂದು ಹೇಳಿಕೊಂಡ. ಆ ಹೊತ್ತಿಗೆ ಅದು ನ್ಯಾಯವಾದ ಮಾತಿನ ಹಾಗೇ ಕೇಳಿಸಿತು.

ಜಾಹೇದಾ ಹಾಳೆಯನ್ನು ಓದಿದಳು. "ಆಸ್ಪತ್ರಿಗಿ ಆಮ್ಯಾಲ ಕೊಡ್ತೀನಿ," ಎಂದಳು. "ಮೊದಲ ಅಂಬಮ್ಮನ ಮನಿಗಿ ನಡೀರಿ ಸರ್. ಇದೇ ಓಣಿ. ದಿನಾ ನೀರಿಗಿ ಬಂದಾಗ ಆಕಿ ನನ್ನ ಮಾರಿ ನೋಡಂಗಿಲ್ಲ. ನಿಮ್ಮ ಬಾಯಿಲಿಂದ ಆಕಿಗೊಮ್ಮಿ ಹೇಳ್ರಿ, ಸಾಕು."

ಅಂಬಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ಗೋಡೆಗೆ ನಾಗಣ್ಣನ ದೊಡ್ಡ ದೊಡ್ಡ ಸೌಟುಗಳು ಒರಗಿದ್ದವು, ಬೋರಲು ಹಾಕಿದ ಹಂಡೆಯ ಮೇಲೆ ಬಟ್ಟೆಗಳಿದ್ದವು. ಅವಳು ಹೊಸ್ತಿಲೊಳಗೆ ನಿಂತೇ ಕೇಳಿದಳು, ಒಳಗೆ ಕರೆಯಲಿಲ್ಲ. ಜಾಹೇದಾಳನ್ನು ನೋಡದೆ ಗೋಡೆ ನೋಡುತ್ತಿದ್ದಳು. ದೇವೀಂದ್ರಪ್ಪ ಎಲ್ಲವನ್ನೂ ಹೇಳಿದ: ಈಕೆ ಒತ್ತಿದ್ದಳು, ಅದು ಹೋಗಲಿಲ್ಲ, ಹೋಯಿತೆಂದು ಸುಳ್ಳು ತೋರಿಸಿತು, ತಪ್ಪು ತನ್ನದು.

"ಹಂಗಾರ ಅದು ಸುಳ್ಳಿತ್ತು," ಎಂದಳು ಅಂಬಮ್ಮ. "ಇವರು ನಡಿ ಅಂದಿದ್ರು. ಎದಿ ಭಾಳ ಬ್ಯಾನಿ ಆಗಾಕತ್ತದ, ಜೀಪ್ ಹಿಡದು ಕಲಬುರಗಿಗಿ ನಡಿ ಅಂತ ಎದ್ದು ನಿಂತಿದ್ರು. ನಾ ಕೈ ಹಿಡದು ಕುಂದರಸಿದೆ. ಮುಟ್ಯದ ಅಂತ ಈಕಿ ಹೇಳ್ಯಾಳ ನೋಡ್ರಿ, ಡಾಕ್ಟರ್ ಈಗ ಹೇಳ್ತಾರ, ಕುಂದುರ್ರಿ ಅಂತ." ಅವಳು ತನ್ನ ಕೈಯನ್ನು ನೋಡಿಕೊಂಡಳು. "ನಾ ಹಿಡದು ಕುಂದರಸಿದೆ."

ಜಾಹೇದಾ ಬಾಯಿಗೆ ಓಢಣಿ ಒತ್ತಿಕೊಂಡಳು. ಅಂಬಮ್ಮ ಮೊದಲ ಸಲ ಅವಳ ಕಡೆ ತಿರುಗಿ, "ನಿನಗ ಭಾಳ ಅಂದೀನಿ ನಾ," ಎಂದಳು. ಆಮೇಲೆ ದೇವೀಂದ್ರಪ್ಪನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ತಿಳಿಯದ ಒಂದನ್ನು ತಿಳಿದುಕೊಳ್ಳುವವಳ ಹಾಗೆ ಕೇಳಿದಳು. "ಅದು ಹಿಂಗ ಸುಳ್ಳ ತೋರಸ್ತದ ಅಂತ ನಿನಗ ಯಾವಾಗ ಗೊತ್ತಾತು ತಮ್ಮಾ?"

ಜಾಹೇದಾ ಅವನ ಪಕ್ಕದಲ್ಲೇ ನಿಂತಿದ್ದಳು. ಉತ್ತರ ಅವಳಿಗೆ ಮೊದಲೇ ಗೊತ್ತಿದ್ದಂತೆ, ಅವನ ಪರವಾಗಿ ತಾನೇ ಹೇಳುವವಳಂತೆ ತುಟಿ ತೆರೆದಿದ್ದಳು. ನಾಗಣ್ಣ ತೀರಿಕೊಂಡ ಮೇಲೆ ಎಂದರೆ ಸಾಕಾಗಿತ್ತು. ಯಾರೂ ಪರೀಕ್ಷಿಸುತ್ತಿರಲಿಲ್ಲ. ಆ ಟಿಪ್ಪಣಿಯನ್ನು ಅವನು ಅಳಿಸಿಹಾಕಿ ಹತ್ತು ದಿನವಾಗಿತ್ತು.

"ಎರಡು ವರ್ಷದ ಹಿಂದ," ಎಂದ ದೇವೀಂದ್ರಪ್ಪ.

ಅವನೇ ಮುಂದುವರಿಸಿ ರೋಜಾದ ಯಾತ್ರಿಕನ ವಿಷಯ ಹೇಳಿದ, ಸರಿಮಾಡಲು ಬಹಳ ದಿನ ಬೇಕಾಗುತ್ತದೆಂದು ಬಿಟ್ಟದ್ದು ಹೇಳಿದ. ನಡುವೆ ಎಲ್ಲೋ ಜಾಹೇದಾ ಓಢಣಿಯನ್ನು ಬಾಯಿಂದ ತೆಗೆದಿದ್ದಳು. ಒಂದು ಹೆಜ್ಜೆ ಸರಿದು ಹೊಸ್ತಿಲ ಬಳಿ, ಅಂಬಮ್ಮನ ಪಕ್ಕಕ್ಕೆ ಹೋಗಿ ನಿಂತಳು. ಅವಳ ಮುಖದ ಮೇಲಿದ್ದ ಹಗುರು ಹೋಗಿತ್ತು. "ನಾ ಕೇಳಿದ್ದೆ ನಿಮಗ," ಎಂದಳು ಮೆಲ್ಲಗೆ. "ನೆಟ್ ಹೋದ್ರ ಹೇಳ್ತದೇನು ಅಂತ. ಗೊತ್ತಾದ ಮ್ಯಾಲ ಒಂದು ಫೋನ್ ಮಾಡಿದ್ರ ಸಾಕಿತ್ತಲ್ಲ. ಹಸರ ನಂಬಬ್ಯಾಡ್ರಿ ಅಂತ. ಅಷ್ಟೇ ಅಂದಿದ್ರ ಸಾಕಿತ್ತು."

ಹೌದು. ಪ್ರೋಗ್ರಾಮು ಸರಿಮಾಡಲು ಇಪ್ಪತ್ತು ದಿನ ಬೇಕಿತ್ತು, ಹನ್ನೊಂದು ಫೋನಿಗೆ ಒಂದು ಮಧ್ಯಾಹ್ನ ಸಾಕಿತ್ತು. ಅದನ್ನು ಮಾಡದ್ದು ಯಾಕೆಂದೂ ಅವನಿಗೆ ಗೊತ್ತಿತ್ತು. ಹನ್ನೊಂದು ಜನರೆದುರು ನನ್ನದು ಸರಿಯಿಲ್ಲ ಎನ್ನಬೇಕಾಗುತ್ತಿತ್ತು.

"ಅದನ್ನ ಬರದೀಯೇನು ಆ ಕಾಗದದಾಗ?" ಎಂದು ಅಂಬಮ್ಮ ಕೇಳಿದಳು.

"ಇಲ್ಲ."

"ಬರಿ."

ಜಾಹೇದಾ ಹಾಳೆಯನ್ನು ಚಾಚಿದಳು, ಅವನ ಕೈ ತಾಕದಂತೆ ಅಂಚಿನಲ್ಲಿ ಹಿಡಿದು. ಕೆಳಗೆಲ್ಲ ಅವನ ಸಹಿಯೇ ಹರಡಿಕೊಂಡಿತ್ತು, ಜಾಗವಿರಲಿಲ್ಲ. ಹಾಳೆ ತಿರುವಿ ಗೋಡೆಗೆ ಒತ್ತಿ ಹಿಡಿದ, ಪೆನ್ನು ಮೂಡಲಿಲ್ಲ. ಕೂರು ಎಂದು ಯಾರೂ ಅನ್ನಲಿಲ್ಲ. ಅವನು ಹೊಸ್ತಿಲ ಹೊರಗೆ ನೆಲದ ಮೇಲೆ ಕುಳಿತು, ಹಾಳೆಯನ್ನು ಬಂಡೆಯ ಮೇಲಿಟ್ಟು ಬರೆಯತೊಡಗಿದ. ಉರುಸಿನ ತಾರೀಖು ಬರೆದ. ರೋಜಾ ಎಂದು ಬರೆದ. ಆಗಲೇ ನನಗೆ ತಿಳಿದಿತ್ತು, ಯಾರಿಗೂ ಹೇಳಲಿಲ್ಲ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಬಂಡೆ ಕಾದಿತ್ತು. ಇಬ್ಬರು ಹೆಂಗಸರ ಪಾದಗಳು ಅವನ ಕಣ್ಣೆದುರಿಗಿದ್ದವು, ಅವನು ತಲೆ ಎತ್ತಲಿಲ್ಲ.

"ಬರೀಲಾಕತ್ತೀಯೇನು?" ಎಂದು ಮೇಲಿನಿಂದ ಅಂಬಮ್ಮ ಕೇಳಿದಳು.

"ಬರೀಲಾಕತ್ತೀನಿ ಅವ್ವಾ," ಎಂದು ಹೇಳಿ ಅವನು ಆ ಸಾಲನ್ನು ಬರೆದ.